ಹಗ್ಗ ಹಿಡಿದವರಿಗೆ

ಭಾವನವರಿಗೆ,

ಕೈಗಳಿಗೆ ಬಲ ಬಂದಿದೆ, ಕಾಲುಗಳಿಗೆ ಇನ್ನೂ ಇಲ್ಲ. ಆಳದಲ್ಲಿ ನೀರಿನ ಒತ್ತಡಕ್ಕೆ ಉಸಿರಿನ ಗಾಳಿ ರಕ್ತದಲ್ಲಿ ಕರಗಿರುತ್ತದೆ, ಅಲ್ಲಲ್ಲಿ ನಿಂತು ನಿಧಾನವಾಗಿ ಮೇಲೆ ಬಂದರೆ ಹೊರಟುಹೋಗುತ್ತದೆ, ದಿಢೀರನೆ ಬಂದರೆ ಗುಳ್ಳೆಯಾಗಿ ನರಗಳನ್ನು ಕೆಡಿಸುತ್ತದೆ ಎಂದು ಡಾಕ್ಟರು ವಿವರಿಸಿದರು. ಮುಳುಗುವ ಕೆಲಸ ಕಲಿಸುವಾಗ ನೀವೇ ನನಗೆ ಇದನ್ನು ಹೇಳಿಕೊಟ್ಟಿದ್ದಿರಿ.

ಅಂದು ಅಣೆಕಟ್ಟಿನ ತಳದ ತೂಬು ಸರಿಮಾಡಿ ಬರುವಾಗ, ಅರ್ಧದಲ್ಲಿ ತಂಗಬೇಕೆಂದು ಹಗ್ಗ ಜಗ್ಗಿ ಸನ್ನೆ ಮಾಡಿದೆ. ನೀವು ನಿಲ್ಲಿಸದೆ ಎಳೆದಿರಿ. ನಾನು ದೋಣಿಯಲ್ಲಿ ಬಿದ್ದಿದ್ದಾಗ ನೀವು ಮೇಸ್ತ್ರಿಗೆ, "ನಿಮಗೆ ದೋಣಿ ಬೇಕು ಅಂದ್ರಲ್ಲ, ಬೇಗ ಎಳೆದುಬಿಟ್ಟೆ. ಅವನಿಗೇನಾಗಲ್ಲ, ಗಟ್ಟಿ ಆಳು" ಎಂದದ್ದು ಕೇಳಿಸಿತು. ಅಷ್ಟೇ ಆಗಿದ್ದರೆ ಅದನ್ನೂ ನುಂಗಿಕೊಳ್ಳುತ್ತಿದ್ದೆ.

ನಿನ್ನೆ ಅಕ್ಕ ಆಸ್ಪತ್ರೆಗೆ ಬಂದಿದ್ದಳು. ನನ್ನ ಕಾಲು ನೀವುತ್ತಾ, "ಯಾಕೋ ಅಷ್ಟು ಅವಸರ ಮಾಡಿದೆ? ನಿಮ್ಮ ಭಾವ ತಡಿ ತಡಿ ಅಂತ ಸನ್ನೆ ಮಾಡಿದ್ರೂ ನೀನೇ ಮೇಲೆ ಬಂದುಬಿಟ್ಟೆಯಂತೆ" ಎಂದು ಅತ್ತಳು. ನಾನು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದೆ.

ಅವಳು ಭಾನುವಾರ ಮತ್ತೆ ಬರುತ್ತಾಳೆ. ಅಷ್ಟರೊಳಗೆ ನಿಜ ನಿಮ್ಮ ಬಾಯಿಂದಲೇ ಅವಳಿಗೆ ತಿಳಿಯಲಿ. ಇಲ್ಲದಿದ್ದರೆ ನಾನೇ ಹೇಳುತ್ತೇನೆ. ಅವಳ ಕೈಲಿ ಎರಡು ಸಡಿಲ ಪೈಜಾಮ ಕಳಿಸಿ. ನೀವು ಬರಬೇಡಿ.

ಇಂತಿ,
ನಿಮ್ಮ ಹೆಂಡತಿಯ ತಮ್ಮ