ಭೂತಕಾಲದ ಪಾಠ

ಫ್ರೆಂಚ್ ಮೇಡಂ ಅವರಿಗೆ,

ಹಿಂದಿನ ಬೆಂಚಿನ ಅಜ್ಜಿಯ ನಮಸ್ಕಾರಗಳು.

ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ. ಆದರೂ ನೀವು ಹೇಳುವ ಬೇಕರಿಯವನ ಕಥೆಗಳಿಂದ ನನ್ನ ತಲೆಗೂ ಒಂದಿಷ್ಟು ವ್ಯಾಕರಣ ಹತ್ತಿದೆ. ಅವನು ಬ್ರೆಡ್ಡು ಸುಡುತ್ತಾನೆ, ಬೆಕ್ಕು ಕದಿಯುತ್ತದೆ, ಹೆಂಡತಿ ಬೈಯುತ್ತಾಳೆ. ಎಲ್ಲವೂ ವರ್ತಮಾನಕಾಲ. ಅಷ್ಟನ್ನೇ ನೆಚ್ಚಿಕೊಂಡು ಮೊಮ್ಮಗಳೊಡನೆ ಮಾತಿಗಿಳಿದೆ.

ಪರದೇಶದಲ್ಲಿದ್ದ ನನ್ನ ಮಗಳು ತೀರಿಕೊಂಡ ಮೇಲೆ ಅಳಿಯ ಮಗುವನ್ನು ನನ್ನ ಬಳಿ ತಂದು ಬಿಟ್ಟಿದ್ದಾರೆ. ಅದಕ್ಕೆ ಫ್ರೆಂಚ್ ಬಿಟ್ಟರೆ ಬೇರೆ ಮಾತು ಬಾರದು. ನಿನ್ನೆ ನಾನು ಗಿರಾಕಿಯ ರವಿಕೆ ಹೊಲಿಯುತ್ತಿದ್ದಾಗ ಮಿಷನ್ನನ್ನು ಮುಟ್ಟಿ, "ಅಮ್ಮ ಇದ್ರಲ್ಲಿ ಹೊಲೀತಿದ್ಲಾ?" ಎಂಬಂತೆ ಫ್ರೆಂಚಿನಲ್ಲಿ ಏನೋ ಕೇಳಿತು. ನನಗೆ ಬರುವ ಫ್ರೆಂಚಿನಲ್ಲಿ, "ಹೂಂ ಪುಟ್ಟಿ, ಹೊಲೀತಾಳೆ. ಹಾಡ್ತಾ ಹೊಲೀತಾಳೆ" ಎಂದೆ.

ಮಗು ದಿಗ್ಗನೆ ಎದ್ದು, "ಎಲ್ಲಿ?" ಎಂದಿತು. ಒಳಕೋಣೆಗೆ ಓಡಿ, ಬಾಗಿಲ ಹಿಂದೆಯೂ ಹುಡುಕಿ ಬಂತು. ಅದರ ಮುಖ ನೋಡಲಾರದೆ ನಾನು ಸೂಜಿಗೆ ದಾರ ಪೋಣಿಸುತ್ತ ಕೂತೆ.

ಭೂತಕಾಲ ಇನ್ನೂ ಎಷ್ಟೋ ಪಾಠಗಳ ಆಚೆಗಿದೆ ಎಂದಿದ್ದಿರಿ. ದಯವಿಟ್ಟು ಸೋಮವಾರ ತರಗತಿಗೆ ಮುಂಚೆ ನನಗೊಬ್ಬಳಿಗೆ ಹೇಳಿಕೊಡಿ. ಪೂರ್ತಿ ಬೇಡ, ಎರಡು ವಾಕ್ಯ ಸಾಕು: 'ನಿನ್ನಮ್ಮ ಹಾಡುತ್ತಿದ್ದಳು.' 'ನಿನ್ನನ್ನು ತುಂಬ ಪ್ರೀತಿಸುತ್ತಿದ್ದಳು.'

ಎರಡನೆಯದನ್ನು ಮಾತ್ರ ವರ್ತಮಾನಕಾಲದಲ್ಲೇ ಉಳಿಸಿಕೊಂಡರೆ ತಪ್ಪಾಗುತ್ತದೆಯೇ, ಅದನ್ನೂ ತಿಳಿಸಿ.

ಇಂತಿ,
ನಿಮಗಿಂತ ದೊಡ್ಡ ವಯಸ್ಸಿನ ನಿಮ್ಮ ವಿದ್ಯಾರ್ಥಿನಿ