ಮಳವಳ್ಳಿಗೆ ಹೋದ ಕಂಪ್ಯೂಟರ್

ಮದ್ದೂರು
೨೪ ಆಗಸ್ಟ್ ೨೦೨೫, ಭಾನುವಾರ

ಪ್ರಿಯ ದೀಪಿಕ,

ನೀನೂ ಮನೆಯವರೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾವು ಕ್ಷೇಮ. ಅಬ್ಬಾ ಎಂದಿನಂತೆ ಅಂಗಡಿಯಲ್ಲಿ ಸುಟ್ಟ ಮೋಟಾರುಗಳ ನಡುವೆ ಕುಳಿತಿರುತ್ತಾರೆ. ನಾಲೆಗೆ ನೀರು ಬಿಟ್ಟ ಮೇಲೆ ಪಂಪ್‌ಸೆಟ್ಟಿನವರ ಅವಸರ ಸ್ವಲ್ಪ ಇಳಿದಿದೆ. ಈ ಹದಿನೈದು ದಿನಗಳಲ್ಲಿ ನೀನು ಕಳುಹಿಸಿದ ಮೂರು ಸಂದೇಶಗಳಿಗೂ ನಾನು ಉತ್ತರಿಸಲಿಲ್ಲ. ಅದಕ್ಕಾಗಿ ಕ್ಷಮೆ ಕೋರುತ್ತೇನೆ. ಕೋರುವುದು ಪತ್ರದ ಮರ್ಯಾದೆ. ಅದರಲ್ಲಿ ಪಶ್ಚಾತ್ತಾಪವನ್ನು ಹುಡುಕಬೇಡ. ಮೊದಲೆರಡು ಸಂದೇಶಗಳಲ್ಲಿ ‘ಬೇಜಾರಾ?’ ಎಂದಷ್ಟೇ ಇತ್ತು. ಮೂರನೆಯದರಲ್ಲಿ, ಕಂಪ್ಯೂಟರನ್ನು ಹೇಗೆ ನೋಡಿಕೊಳ್ಳಬೇಕೆಂದು ಮಳವಳ್ಳಿಯವರು ಕೇಳುತ್ತಿದ್ದಾರೆ, ಬರೆದು ಕಳುಹಿಸು ಎಂದಿತ್ತು. ಮೂರರಲ್ಲಿ ಪ್ರಾಮಾಣಿಕವಾದದ್ದು ಅದೊಂದೇ ಆದ್ದರಿಂದ ಅದಕ್ಕೆ ಉತ್ತರ ಬರೆಯುತ್ತಿದ್ದೇನೆ. ಫೋನು ಬಿಟ್ಟು ಕಾಗದ ಹಿಡಿದದ್ದಕ್ಕೆ ಕಾರಣವಿದೆ. ನಿನ್ನ ಫೋನು ಈಗ ನಿನ್ನ ಕೈಯಲ್ಲಿ ಎಷ್ಟು ಹೊತ್ತು, ಇನ್ನೊಬ್ಬರ ಕೈಯಲ್ಲಿ ಎಷ್ಟು ಹೊತ್ತು ಇರುತ್ತದೆಂದು ನನಗೆ ತಿಳಿಯದು.

ಮೊದಲಿನಿಂದ ಹೇಳುತ್ತೇನೆ. ಎಲ್ಲವೂ ನಿನಗೆ ಗೊತ್ತಿರುವುದೇ. ಆದರೂ ನನ್ನ ಕಡೆಯಿಂದ ಅದು ಹೇಗೆ ಕಾಣುತ್ತದೆಂದು ನೀನೊಮ್ಮೆ ನೋಡಬೇಕು.

ಏಪ್ರಿಲ್ ತಿಂಗಳಲ್ಲಿ ಮಂಡ್ಯದ ಕಾಲೇಜಿನಿಂದ ಮರಳುವ ಬಸ್ಸಿನಲ್ಲಿ ನಾವಿಬ್ಬರೂ ಫಲಿತಾಂಶ ನೋಡಿದೆವು. ಎಂದಿನಂತೆ ನಾನು ಮೊದಲನೆಯವಳು, ನೀನು ನಾಲ್ಕನೆಯವಳು. ಗೆಜ್ಜಲಗೆರೆ ದಾಟುವಾಗ ನೀನು ನನ್ನ ಮೊಣಕೈ ಹಿಡಿದು ಹೇಳಿದೆ: “ಅಪ್ಪ ಕಂಪ್ಯೂಟರ್ ಕೊಡುಸ್ತಾರಂತೆ ಕಣೆ. ಗೇಮ್ ಆಡೋ ಅಂಥದ್ದು, ಭಾರಿದು. ನೀನೇ ಜೋಡ್ಸು. ನಮ್ ನೀರುಗಂಟಿನ ಅದ್ರಲ್ಲೇ ಮುಗಿಸಾಣ.”

‘ನೀರುಗಂಟಿ’ ನಮ್ಮಿಬ್ಬರ ಆಟ. ಸರದಿಯ ಪ್ರಕಾರ ತೂಬು ತೆರೆದು ಊರಿನ ಗದ್ದೆಗಳಿಗೆ ನೀರು ಹಂಚುವವನೊಬ್ಬನ ಕಷ್ಟಗಳನ್ನು ಎರಡು ವರ್ಷ ಕೂತು ಆಟವಾಗಿಸಿದೆವು. ಪ್ರೋಗ್ರಾಂ ನನ್ನದು, ಚಿತ್ರಗಳೆಲ್ಲ ನಿನ್ನವು. ನಿನ್ನ ಕೈಯಲ್ಲಿ ಬರುವ ನೀರಿನ ಬಣ್ಣ ನನಗೆ ಏಳು ಜನ್ಮಕ್ಕೂ ಬಾರದು; ಅದನ್ನು ಹೇಳಲು ನನಗೆ ಸಂಕೋಚವಿಲ್ಲ. ಆದರೆ ನಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಆ ನೀರು ಹರಿಯುತ್ತಿರಲಿಲ್ಲ, ತೆವಳುತ್ತಿತ್ತು. ಮೈಸೂರಿನ ಸ್ಪರ್ಧೆಗೆ ಆಟವನ್ನು ಒಪ್ಪಿಸಲು ಸೆಪ್ಟೆಂಬರ್ ಹದಿನೈದು ಕಡೆಯ ದಿನ. ಆದ್ದರಿಂದ ನಾನು ಒಂದು ವಾರ ಬೇರೇನೂ ಓದದೆ, ಯಾವ ಪ್ರೊಸೆಸರಿಗೆ ಯಾವ ಮದರ್‌ಬೋರ್ಡು, ಯಾವ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಬಲದ ಪವರ್ ಸಪ್ಲೈ ಎಂದು ಪಟ್ಟಿ ಮಾಡಿದೆ.

ಬೆಂಗಳೂರಿನ ಅಂಗಡಿಯಲ್ಲಿ ಆದದ್ದು ನೆನಪಿದೆಯೇ? ಪಟ್ಟಿ ನನ್ನ ಕೈಯಲ್ಲಿತ್ತು. ಆದರೂ ಅಂಗಡಿಯವನು ಒಂದೂವರೆ ಗಂಟೆ ನಿನ್ನ ತಂದೆಯವರ ಮುಖ ನೋಡಿಕೊಂಡೇ ಮಾತಾಡಿದ. ನಾನು ಪ್ರಶ್ನೆ ಕೇಳಿದರೆ ಉತ್ತರ ಅವರಿಗೆ ಹೋಗುತ್ತಿತ್ತು. ಪವರ್ ಸಪ್ಲೈ ಚಿಕ್ಕದಾದರೂ ನಡೆಯುತ್ತದೆ, ಆ ಹಣಕ್ಕೆ ಇನ್ನೂ ಮೂರು ಬಣ್ಣದ ಫ್ಯಾನು ಬರುತ್ತದೆ ಎಂದ. ದೊಡ್ಡ ಮೋಟಾರಿಗೆ ಸಣ್ಣ ವೈರು ಎಳೆದು ಸುಟ್ಟುಕೊಂಡು ಬರುವವರನ್ನು ನಾನು ಹುಟ್ಟಿದಾಗಿನಿಂದ ಅಬ್ಬಾನ ಅಂಗಡಿಯಲ್ಲಿ ನೋಡಿದ್ದೇನೆ. ಹಾಗೆಂದು ಹೇಳಿದಾಗ ಅವನು ನಕ್ಕ. ನಿನ್ನ ತಂದೆಯವರೂ ನಕ್ಕು, “ಅದೇನ್ ಬೇಕೋ ಹಾಕುಸ್ಕೊಳಮ್ಮ, ಬಾಕ್ಸ್ ಮಾತ್ರ ದೊಡ್ದಿರ್ಲಿ, ಲೈಟು ಜಾಸ್ತಿ ಇರ್ಲಿ. ನೋಡ್ದೋರು ಏನೋ ಕೊಟ್ಟವ್ರೆ ಅನ್ಬೇಕು” ಎಂದರು. ಕೊಟ್ಟಿರುವುದು ಯಾರಿಗೆ ಎಂದು ನಾನು ಆಗಲೇ ಕೇಳಬೇಕಿತ್ತು. ತರಗತಿಗೆ ಮೊದಲನೆಯವಳಾದ ನಾನು ಕೇಳಲಿಲ್ಲ. ನೀನು ಗಾಜಿನ ಕಪಾಟಿನತ್ತ ತಿರುಗಿ ನಿಂತಿದ್ದೆ.

ಆ ಶುಕ್ರವಾರ ಅಬ್ಬಾ ಜುಮ್ಮಾ ನಮಾಜಿಗೆ ಹೋದಾಗ ನಾವು ಅಂಗಡಿಯ ಬೆಂಚನ್ನು ಒರೆಸಿ ಜೋಡಣೆಗೆ ಕುಳಿತೆವು. ಮೈಯಲ್ಲಿನ ಸ್ಥಾಯಿ ವಿದ್ಯುತ್ತು ಹೋಗಲೆಂದು ಕಬ್ಬಿಣದ ಷಟರನ್ನು ಆಗಾಗ ಮುಟ್ಟು ಎಂದರೆ, ನೀನು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಪ್ರೊಸೆಸರನ್ನು ಒತ್ತದೆ, ಸುಮ್ಮನೆ ಅದರ ಜಾಗದಲ್ಲಿ ಇಡಬೇಕೆಂದು ನಾನು ತೋರಿಸಿದೆ. ಅದನ್ನು ತಣಿಸುವ ಕೂಲರಿನ ತಳದ ತೆಳು ಪ್ಲಾಸ್ಟಿಕ್ ಪೊರೆಯನ್ನು ಸುಲಿಯದೆ ಕೂರಿಸುವವರು ಎಷ್ಟು ಮಂದಿ ಎಂದು ಹೇಳಿ ನಗಿಸಿದೆ. ಎಲ್ಲ ಮುಗಿದ ಮೇಲೆ ಗುಂಡಿ ಒತ್ತಿದರೆ ಫ್ಯಾನುಗಳು ತಿರುಗಿದವು, ದೀಪಗಳು ಉರಿದವು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಅರ್ಧ ಗಂಟೆ ನನ್ನ ವಿದ್ಯೆಯೆಲ್ಲ ವ್ಯರ್ಥವಾಯಿತು. ಅಷ್ಟರಲ್ಲಿ ಬಂದ ಅಬ್ಬಾ ಬಾಗಿಲಲ್ಲೇ ನಿಂತು, “ವೈರೆಲ್ಲ ಕೈಯಲ್ಲಿ ಮುಟ್ಟಿ ನೋಡಿದ್ರೇನಮ್ಮ? ಕಣ್ಣಲ್ಲಿ ನೋಡಿದ್ರೆ ಎಲ್ಲಾ ಸರಿಯಾಗೇ ಇರ್ತದೆ” ಎಂದರು. ಪ್ರೊಸೆಸರಿಗೆ ವಿದ್ಯುತ್ತು ಕೊಡುವ, ಮೂಲೆಯ ಎಂಟು ಕಡ್ಡಿಗಳ ವೈರು ಕೂತಂತೆ ಕಂಡರೂ ಕೂತಿರಲಿಲ್ಲ. ಟಕ್ಕೆನ್ನುವವರೆಗೆ ಒತ್ತಿದೆ. ಪರದೆ ಬೆಳಗಿತು. ನೀನು ಬರೆದ ವೈದ್ಯನಾಥಪುರದ ಹೊಳೆಯನ್ನು ತೆರೆದೆವು, ನೀರು ಹರಿಯಿತು. ನೀನು ನನ್ನ ಭುಜಕ್ಕೆ ತಲೆಯಿಟ್ಟೆ. ನಮ್ಮ ಪ್ರೋಗ್ರಾಂ, ನಿನ್ನ ನಲವತ್ತೆರಡು ಚಿತ್ರಗಳು, ಎಲ್ಲವನ್ನೂ ಅದರೊಳಗೆ ಹಾಕಿ ನಿಮ್ಮ ಕಾರಿಗೇರಿಸಿದೆವು. ಅದು ಬೆಸಗರಹಳ್ಳಿಗೆ, ನಿಮ್ಮ ಮನೆಗೆ, ನಿನ್ನ ಮೇಜಿಗೆ ಹೋಯಿತೆಂದು ನಾನು ತಿಳಿದೆ.

ಜೂನಿನಲ್ಲಿ ನಿನ್ನ ನಿಶ್ಚಿತಾರ್ಥವಾಯಿತು. ಮನೆಯವರಷ್ಟೇ ಎಂದು ನೀನೆಂದೆ; ನಾನು ಒಪ್ಪಿಕೊಂಡೆ. ಆಟ ಮುಗಿಸಲು ಯಾವಾಗ ಬರಲಿ ಎಂದಾಗಲೆಲ್ಲ ನೀನು, ನೆಂಟರು ಬಂದಿದ್ದಾರೆ, ಸೀರೆ ತರಬೇಕು, ಕರೆಂಟಿಲ್ಲ ಎಂದೆ. ಅದನ್ನೂ ಒಪ್ಪಿಕೊಂಡೆ. ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ ನಿನ್ನ ತಂದೆಯವರು ಫೋನು ಮಾಡಿ, ಕಂಪ್ಯೂಟರು ಇಪ್ಪತ್ತು ನಿಮಿಷಕ್ಕೊಮ್ಮೆ ಆರಿಹೋಗುತ್ತದೆ, ಬಂದು ನೋಡು, ಮದ್ದೂರಿನಲ್ಲಿ ಹತ್ತಿಸಿಕೊಳ್ಳುತ್ತೇವೆ ಎಂದರು. ಕಾರು ಬೆಸಗರಹಳ್ಳಿಯ ಕಡೆ ತಿರುಗದೆ ಮಳವಳ್ಳಿ ರಸ್ತೆ ಹಿಡಿದಾಗ ನಾನು ಕೇಳಿದೆ. “ಅಳಿಮಯ್ಯಂಗೆ ಒಪ್ಪಿಸಿದ್ವಲ್ಲಮ್ಮ ನಿಶ್ಚಿತಾರ್ಥಕ್ಕೆ. ಈ ಕಾಲದ ಹುಡುಗ್ರು ಉಂಗುರ ಎಲ್ಲಿ ಕೇಳ್ತವೆ? ದೀಪು ಹೇಳಿಲ್ವಾ?” ಎಂದರು. ಅತ್ತೆಯ ಮನೆಯ ಕುಂಕುಮಕ್ಕೆಂದು ಹೊಸ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕುಳಿತಿದ್ದ ನೀನು ಹಿಂದಕ್ಕೆ ತಿರುಗಲಿಲ್ಲ.

ಇನ್ನು ಆ ವರನ ವಿಷಯ. ಅಪ್ಪು ಎಂದು ಮನೆಯವರೆಲ್ಲ ಮುದ್ದಿನಿಂದ ಕರೆಯುವ ಆ ಇಪ್ಪತ್ತೇಳು ವರ್ಷದ ಗಂಡಸು ಅಪ್ಪನ ಗೊಬ್ಬರದಂಗಡಿಯಿಂದ ಹನ್ನೆರಡಕ್ಕೇ ಎದ್ದು ಬಂದು ಆಟಕ್ಕೆ ಕೂರುತ್ತಾನಂತೆ. ನನ್ನನ್ನು ಕಂಡೊಡನೆ, “ಏನಮ್ಮ, ಸೆಕೆಂಡ್ ಹ್ಯಾಂಡ್ ಕಾರ್ಡ್ ಹಾಕಿದ್ದೀಯಂತೆ? ನಮ್ ಫ್ರೆಂಡ್ ಹೇಳ್ದ” ಎಂದ. ನಾನು ಯಂತ್ರದ ಕಡೆ ನೋಡಿದೆ. ಅದು ಕಾಣುತ್ತಿರಲಿಲ್ಲ. ಅದಕ್ಕೆ ಅವನ ತಾಯಿ ಸೋಮಮ್ಮನವರು ಕೆಂಪು ಮಖಮಲ್ಲಿನ ಗವಸು ಹೊಲಿದಿದ್ದರು. ಟಿವಿಗೆ, ಮಿಕ್ಸಿಗೆ, ಫ್ರಿಜ್ಜಿನ ಹಿಡಿಗೆ ಹೊಲಿದಂತೆಯೇ. ಅಂಚಿಗೆ ಜರಿ, ನಾಲ್ಕು ಮೂಲೆಗೂ ಕುಚ್ಚು. ದೀಪಗಳು ಕಾಣಲೆಂದು ಎದುರಿಗೆ ಮಾತ್ರ ಅಚ್ಚುಕಟ್ಟಾಗಿ ಕತ್ತರಿಸಿದ್ದರು. “ದೂಳು ಕೂರ್ತದೆ ಕಣಮ್ಮ. ಒಸದು ಒಸದಾಗೇ ಇರ್ಲಿ ಅಂತ” ಎಂದರು. ಮೇಲಿನಿಂದಲೂ ಹಿಂದಿನಿಂದಲೂ ಬಿಸಿಗಾಳಿ ಹೊರಹೋಗಬೇಕಾದ ಪೆಟ್ಟಿಗೆ ಅದು. ಉಸಿರುಕಟ್ಟಿ ಕಾದು, ತನ್ನನ್ನು ಉಳಿಸಿಕೊಳ್ಳಲು ತಾನೇ ಆರಿಹೋಗುತ್ತಿತ್ತು. ಆ ಮನೆಯಲ್ಲಿ ವಿವೇಕದಿಂದ ನಡೆದುಕೊಂಡದ್ದು ಅದೊಂದೇ. ಆದರೂ ಸೋಮಮ್ಮನವರ ಬಗ್ಗೆ ನನಗೆ ತಿರಸ್ಕಾರವಿಲ್ಲ. ಆ ಹೊಲಿಗೆ ಬಹಳ ನೇರವಾಗಿತ್ತು.

ತಿರಸ್ಕಾರ ಅವರ ಮಗನಿಗೆ ಮೀಸಲು. ಪೆಟ್ಟಿಗೆ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂಬ ದೂರನ್ನೂ ಅವನು ನನ್ನ ಮೇಲೆಯೇ ಹೊರಿಸಿದ. ಪ್ಲಗ್ಗನ್ನು ಎಳೆದು ನೋಡಿದರೆ ಮೂರನೆಯ ಕಡ್ಡಿಯೇ ಇರಲಿಲ್ಲ. ಗೋಡೆಯಲ್ಲಿ ಎರಡೇ ತೂತಿತ್ತು, ಅದಕ್ಕೇ ಇಕ್ಕಳದಲ್ಲಿ ಮುರಿದೆ ಎಂದು, ಯಾವುದೋ ಜಾಣತನ ಮಾಡಿದವನಂತೆ ಹೇಳಿದ. ಅದು ನೆಲಕ್ಕೆ ಹೋಗುವ ತಂತಿಯ ಕಡ್ಡಿ. ಸೋರುವ ವಿದ್ಯುತ್ತಿಗೆ ಅದೇ ದಾರಿ. ಪರದೆಯ ವೈರನ್ನು ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸದೆ ಮದರ್‌ಬೋರ್ಡಿಗೆ ಸಿಕ್ಕಿಸಿದ್ದ. ಅಂದರೆ, ಎರಡು ತಿಂಗಳಿಂದ ಆ ಕಾರ್ಡು ಸುಮ್ಮನೆ ಕುಳಿತಿತ್ತು, ಅವನು ಅದಿಲ್ಲದೆಯೇ ಆಡಿ ಅದನ್ನು ಹಳೆಯ ಮಾಲೆಂದು ಊರಿಗೆಲ್ಲ ಸಾರಿದ್ದ. ನಾನು ವೈರನ್ನು ಬದಲಿಸಿದೆ. ಅವನು ಐದು ನಿಮಿಷ ಬಾಯಿ ತೆರೆದು ನೋಡಿ, “ಸರ್ವಿಸ್ ಚೆನ್ನಾಗ್ ಮಾಡ್ತೀಯ ಬುಡು” ಎಂದ.

ಆಮೇಲೆ ನಾನು ನಮ್ಮ ಫೋಲ್ಡರನ್ನು ಹುಡುಕಿದೆ. ಇರಲಿಲ್ಲ.

“ಅದ್ಯಾವ್ದೋ ನಾಲೆ ಗದ್ದೆ ಬೊಂಬೆ ಇದ್ವು. ಜಾಗ ಸಾಲ್ತಿರ್ನಿಲ್ಲ, ಡಿಲೀಟ್ ಹೊಡ್ದೆ” ಎಂದ ನಿನ್ನ ವರ.

ನೀನು ಅಲ್ಲೇ ಇದ್ದೆ, ಕೋಡುಬಳೆಯ ತಟ್ಟೆ ಹಿಡಿದುಕೊಂಡು. ನಿನ್ನ ಎರಡು ವರ್ಷದ ಕೈಕೆಲಸವನ್ನು ಅವನು ಬೊಂಬೆ ಎಂದ. ನೀನು ನಕ್ಕು ತಟ್ಟೆಯನ್ನು ಅವನ ಮುಂದಿಟ್ಟೆ. ಅಡುಗೆಮನೆಯಲ್ಲಿ ನಾನು ನಮ್ಮ ಆಟದ ಗತಿಯೇನೆಂದು ಕೇಳಿದಾಗ ನೀನು, “ಮದ್ವೆ ಆಗ್ಲಿ, ನಿಧಾನಕ್ಕೆ ಕೇಳ್ತೀನಿ ಕಣೆ. ಈಗ್ಲೇ ಕೇಳುದ್ರೆ ಚೆನ್ನಾಗಿರಲ್ಲ” ಎಂದೆ. ಏನನ್ನು ಕೇಳುತ್ತೀ, ನಿನ್ನ ಚಿತ್ರವನ್ನು ನೀನು ಬರೆಯಲು ಅಪ್ಪಣೆಯನ್ನೇ ಎಂದೆ. ನೀನು ಒಲೆಯ ಕಡೆ ತಿರುಗಿ, ಕುದಿಯದ ಹಾಲನ್ನು ಕಲಕತೊಡಗಿದೆ.

ನೀನು ಬಯಸಿದ ಸೂಚನೆಗಳು ಇಲ್ಲಿವೆ, ಓದಿ ಹೇಳು. ಗವಸು ಬೇಡ. ಸೋಮಮ್ಮನವರಿಗೆ ನೋವಾಗುವುದಾದರೆ, ಯಂತ್ರ ಆರಿರುವಾಗ ಹೊದಿಸಲಿ, ಹಚ್ಚುವಾಗ ತೆಗೆಯಲಿ. ಗೋಡೆಯಿಂದ ಒಂದು ಗೇಣು ದೂರವಿಡಲಿ. ಅಬ್ಬಾ ಮೂರು ಕಡ್ಡಿಯ ಹೊಸ ವೈರನ್ನು ಈ ಪತ್ರದೊಂದಿಗೆ ಕಳುಹಿಸಿದ್ದಾರೆ. ಬಲ್ಲವರನ್ನು ಕರೆಸಿ ಗೋಡೆಗೂ ಮೂರು ತೂತಿನ ಸಾಕೆಟ್ಟು ಹಾಕಿಸಿ, ನೆಲದ ತಂತಿ ಎಳೆಸಲಿ. ಮೂರು ತಿಂಗಳಿಗೊಮ್ಮೆ ಫ್ಯಾನಿನ ದೂಳನ್ನು ಒಣ ಕುಂಚದಲ್ಲಿ ತೆಗೆಯಬೇಕು. ಒದ್ದೆ ಬಟ್ಟೆ ಮುಟ್ಟಿಸಬಾರದು. ಆಯುಧಪೂಜೆಗೆ ಅರಿಶಿನ ಕುಂಕುಮ ಹೊರಗಿನ ತಗಡಿಗಷ್ಟೇ. ಇಷ್ಟನ್ನು ಪಾಲಿಸಿದರೆ ಆರೇಳು ವರ್ಷ ಬಾಳುತ್ತದೆ. ಅದನ್ನು ಜೋಡಿಸಿದವಳು ಯಾವ ತಿರುಪನ್ನೂ ಅರ್ಧಕ್ಕೆ ಬಿಟ್ಟಿಲ್ಲ.

ಈಗ ನನ್ನ ನಿರ್ಧಾರ. ನಿನ್ನ ನಲವತ್ತೆರಡು ಚಿತ್ರಗಳ ಪ್ರತಿ ನನ್ನಲ್ಲಿದೆ. ಯಾವುದನ್ನೂ ಒಂದೇ ಕಡೆ ಇಟ್ಟು ನಂಬುವವಳು ನಾನಲ್ಲವೆಂದು ನಿನಗೆ ಗೊತ್ತು. ಮನುಷ್ಯರ ವಿಷಯದಲ್ಲಿ ಆ ಎಚ್ಚರ ನನಗಿರಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ದಿನವೂ ಎರಡು ಗಂಟೆ ಕೂರಲು ಅನುಮತಿ ಪಡೆದಿದ್ದೇನೆ. ನೀರು ಮತ್ತೆ ತೆವಳುತ್ತಿದೆ, ಆದರೂ ಗದ್ದೆ ಮುಟ್ಟುತ್ತಿದೆ. ಕಡೆಯ ತೂಬಿನ ಚಿತ್ರವೊಂದು ಬಾಕಿ. ಸೆಪ್ಟೆಂಬರ್ ಹತ್ತರೊಳಗೆ ನೀನು ಮಂಡ್ಯಕ್ಕೆ ಬಂದು ಅದನ್ನು ಬರೆದರೆ ಅರ್ಜಿಯಲ್ಲಿ ನಮ್ಮಿಬ್ಬರ ಹೆಸರಿರುತ್ತದೆ. ಬಾರದಿದ್ದರೆ ತೂಬನ್ನು ನಾನೇ ಬರೆಯುತ್ತೇನೆ. ಅದು ಕೆಟ್ಟದಾಗಿರುತ್ತದೆ. ನಲವತ್ತೆರಡರ ಕೆಳಗೆ ನಿನ್ನ ಹೆಸರು, ಆ ಒಂದರ ಕೆಳಗೆ ನನ್ನದು, ಆಟದ ಮೇಲೆಯೂ ನನ್ನದೊಂದೇ. ನಿನ್ನ ವರನ ಅಪ್ಪಣೆ ಕೇಳಿಕೊಂಡು ಬರುವುದಾದರೆ ಬರಬೇಡ.

ನಿನ್ನ ದಾಂಪತ್ಯ ಸುಖವಾಗಿರಲಿ. ನಿನ್ನ ಕೈಯ ಬಣ್ಣ ಆರದಿರಲಿ. ನಿನಗೆ ಹುಟ್ಟುವ ಹೆಣ್ಣುಮಗು ಮೇಜೊಂದನ್ನು ತನ್ನದೆಂದು ಹೇಳಿಕೊಳ್ಳುವಂತಾಗಲಿ. ತಂದೆಯವರಿಗೆ ನನ್ನ ನಮಸ್ಕಾರ ತಿಳಿಸು.

ಇಂತು,
ಮಿಸ್ಬಾ

ಮತ್ತೊಂದು ಮಾತು: ಸುಳ್ಳು ಹೇಳಿದ್ದನ್ನು ನಾನು ಮರೆಯಬಲ್ಲೆ. ಹುಡುಗನಿಗೆ ಕೊಡುವ ಉಡುಗೊರೆಯನ್ನು ನನ್ನ ಕೈಯಿಂದಲೇ ಮಾಡಿಸಿಕೊಂಡದ್ದನ್ನೂ ಎಂದಾದರೊಮ್ಮೆ ಮರೆಯಬಹುದು. ಅಂದು ಮಳವಳ್ಳಿಯಲ್ಲಿ ನಿನ್ನ ತಂದೆಯವರು ಇನ್ನೂ ಕಾರು ನಿಲ್ಲಿಸುತ್ತಿದ್ದರು. ಸೋಮಮ್ಮನವರು ಬಾಗಿಲಿಗೆ ಬಂದು ನನ್ನನ್ನು ತೋರಿಸಿ, ಈ ಹುಡುಗಿ ಯಾರೆಂದು ನಿನ್ನನ್ನು ಕೇಳಿದರು. “ಕಂಪ್ಯೂಟರ್ ರಿಪೇರಿಗೆ ಬಂದವ್ರೆ ಅತ್ತೆ, ಮದ್ದೂರಿನ ಮೋಟ್ರು ರಿಪೇರಿ ಪಾಷಾ ಅವ್ರ ಮಗ್ಳು” ಎಂದು ನೀನೆಂದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅಫ್ಸರ್ ಪಾಷಾರ ಮಗಳೆನ್ನಿಸಿಕೊಳ್ಳುವುದಕ್ಕೆ ನಾನೆಂದೂ ತಲೆ ತಗ್ಗಿಸಿದವಳಲ್ಲ. ಆದರೆ ಆರನೆಯ ತರಗತಿಯಿಂದ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ನೀನು ಇನ್ನೂ ಒಂದು ಮಾತು ಸೇರಿಸುವೆಯೆಂದುಕೊಂಡು ನಾನು ಬಾಗಿ, ನಿಧಾನವಾಗಿ ಚಪ್ಪಲಿ ಬಿಚ್ಚಿದೆ. ಎರಡನ್ನೂ ಬಿಚ್ಚಿ, ಜೋಡಿಸಿಟ್ಟು, ತಲೆಯೆತ್ತಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ.