ಕಿಟಕಿಯಲ್ಲಿ ಎರಡು ಮೇಣದಬತ್ತಿ

ಏಪ್ರಿಲ್ 8, ಮಂಗಳವಾರ, ಬೆಳಗ್ಗೆ 7.10

ಆರು ಮೊಟ್ಟೆ ಬೇಯಿಸಿದೆ. ನಾಲ್ಕು ಲೊರ್ಕನ್‌ಗೆ, ಎರಡು ನನಗೆ. ಬ್ಯಾಗಿಗೆ ಒಗೆದ ಸಾಕ್ಸ್, ಮಂಡಿಗೆ ಸುತ್ತುವ ಟೇಪ್, ನೀರಿನ ಬಾಟಲಿ. ಒಳಜೇಬಿನಲ್ಲಿ ಒಂದು ಚೀಟಿ — ಅದರಲ್ಲಿ ಏನು ಬರೆದೆ ಅಂತ ಇಲ್ಲೂ ಬರೆಯಲ್ಲ, ನಾಚಿಕೆ.

ಇವತ್ತಿಗೆ ಮದುವೆಯಾಗಿ ನೂರು ದಿನ. ಡಿಸೆಂಬರ್ 29ರಿಂದ ಎಣಿಸಿದೆ, ಎರಡು ಸಲ. ಐರ್ಲೆಂಡಿನಲ್ಲಿ ಗೇಲಿಕ್ ಫುಟ್‌ಬಾಲ್ ಆಡುವವರು, ಆಟವಿಲ್ಲದ ಡಿಸೆಂಬರ್ ಬಿಟ್ಟು ಬೇರೆ ತಿಂಗಳಲ್ಲಿ ಮದುವೆಯಾದರೆ ಅವರ ಮ್ಯಾನೇಜರೇ ಚರ್ಚಿಗೆ ಬಂದು ತಡೆಯುತ್ತಾನೆ ಅನ್ನಿಸುತ್ತೆ. ಹನಿಮೂನ್ ಮೂರೇ ದಿನ. ಅದರಲ್ಲೂ ಲೊರ್ಕನ್ ಹೋಟೆಲಿನ ಮೆಟ್ಟಿಲು ಹತ್ತಿ ಇಳಿದು ಮಂಡಿಯ ವ್ಯಾಯಾಮ ಮಾಡಿದ. ನಾನು ಕೆಳಗೆ ನಿಂತು ಎಣಿಸಿದೆ. ಅಷ್ಟು ಖುಷಿಯಾಗಿ ಯಾವತ್ತೂ ಏನನ್ನೂ ಎಣಿಸಿಲ್ಲ.

ಹೋದ ವರ್ಷ ಮಂಡಿಗೆ ಆಪರೇಷನ್. ಆಮೇಲೆ ಅವನ ಜಿಲ್ಲೆ ಮೇಯೋ ಕೌಂಟಿಯ ಟೀಮಿನ ಮೊದಲ ಹದಿನೈದರಲ್ಲಿ ಒಂದು ಸಲವೂ ಇಳಿದಿಲ್ಲ. ಬೆಂಚು, ಬೆಂಚು, ಬೆಂಚು. ಬಾಯಿಬಿಟ್ಟು ಏನೂ ಹೇಳಲ್ಲ. ನಿದ್ದೆಯಲ್ಲಿ ಕಾಲು ಝಾಡಿಸುತ್ತಾನೆ, ಅಷ್ಟೇ.

ಏಪ್ರಿಲ್ 11, ಶುಕ್ರವಾರ

ಬಂತು! ಪ್ರಾಂತ್ಯದ ಸೆಮಿಫೈನಲ್ — ಮೇಯೋ ವಿರುದ್ಧ ರಾಸ್ಕಾಮನ್. 27ಕ್ಕೆ, ಮೇಯೋದ ಕ್ಯಾಸಲ್‌ಬಾರ್ ಊರಿನಲ್ಲಿ.

ಅಂದರೆ ನನ್ನ ಗಂಡನ ಕೌಂಟಿ, ನನ್ನ ತವರಿನ ಕೌಂಟಿ. ನಮ್ಮಣ್ಣ ಕಿಲಿಯನ್ ರಾಸ್ಕಾಮನ್‌ಗೆ ಆಡ್ತಾನೆ. ನಮ್ಮಪ್ಪ ಅದೇ ಟೀಮಿನ ಸೆಲೆಕ್ಟರ್. ನಮ್ಮ ಮದುವೆಯಲ್ಲಿ ಪಾದ್ರಿಗಳು ಹೇಳಿದ್ದರು, ಇಬ್ಬರದೂ ಬೇರೆ ಬೇರೆ ಧರ್ಮವಾಗಿದ್ದರೆ ಒಂದು ಕಾಗದಕ್ಕೆ ಸಹಿ ಹಾಕಿಸಿ ಮುಗಿಸುತ್ತಿದ್ದೆ, ಇದಕ್ಕೆ ನನ್ನ ಹತ್ತಿರ ಕಾಗದ ಇಲ್ಲ ಅಂತ. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

ಅತ್ತೆ ಮನೆಗೂ ನಮಗೂ ಗೇಟು ಒಂದೇ; ಬೆಳಗ್ಗೆ ನಮ್ಮ ಕಡೆಯ ಕಂಬಕ್ಕೆ ರಾಸ್ಕಾಮನ್‌ನ ಹಳದಿ-ನೀಲಿ ಬಾವುಟ ಕಟ್ಟಿದೆ, ಚಿಕ್ಕದು, ಕರವಸ್ತ್ರದಷ್ಟು. ಔಷಧಿ ಅಂಗಡಿಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಅದು ಅತ್ತೆಯ ಕೋಳಿಗೂಡಿನ ಮೇಲೆ ಹಾರಾಡ್ತಿತ್ತು. ಕೇಳಿದೆ. ಗಾಳಿ ಹೊತ್ತುಕೊಂಡು ಹೋಗಿರಬೇಕು ಅಂದರು, ಮುಖ ನೋಡದೆ. ಗಾಳಿ ಗಂಟು ಕೂಡ ಹಾಕಿತ್ತು, ಎರಡು ಸುತ್ತು.

ಅಂಗಡಿಯಲ್ಲಿ ಇಡೀ ದಿನ ಇದೇ. ಗಡಿಯ ಸೇತುವೆ ಈಚಿನ ಮೇಯೋದವರು ಕೆಮ್ಮಿನ ಔಷಧಿ ತಗೊಂಡು, ನಿಮ್ಮವರು ಕುರಿ ಕಳ್ಳರು, ಟ್ರೋಫಿ ಕೂಡ ಕದ್ದೇ ಗೆಲ್ಲಬೇಕು ಅಂತಾರೆ. ಆಚಿನವರು ಬಂದು, ಅಯ್ಯೋ ಮೇಯೋಗೆ ಸೇರ್ಕೊಂಡ್ಯಾ, ದೇವರೇ ಕಾಪಾಡಲಿ, ಐವತ್ತೊಂದನೇ ಇಸವಿಯಿಂದ ದೊಡ್ಡ ಕಪ್ ಕಂಡಿಲ್ಲ ಪಾಪ ಅಂತಾರೆ. ನಾನು ಇಬ್ಬರಿಗೂ ಚಿಲ್ಲರೆ ಕೊಟ್ಟು ನಗ್ತೀನಿ. ಕೂತಲ್ಲಿ ಕೂರೋಕಾಗ್ತಿಲ್ಲ. ಇನ್ನೂ ಹದಿನಾರು ದಿನ.

ಏಪ್ರಿಲ್ 20, ಈಸ್ಟರ್ ಭಾನುವಾರ

ತವರಿನಲ್ಲಿ ಊಟ. ಕುರಿಮರಿ ಮಾಂಸ, ಪುದೀನ ಸಾಸ್. ಲೊರ್ಕನ್ ಎರಡನೇ ಸಲ ಹಾಕಿಸಿಕೊಂಡಾಗ ಅಪ್ಪ, ತಿನ್ನಪ್ಪ ತಿನ್ನು, ಬೆಂಚಿನ ಮೇಲೆ ಕೂರೋರಿಗೆ ಭಾರ ಒಳ್ಳೇದು, ಗಾಳಿಗೆ ಹಾರಲ್ಲ ಅಂದರು. ಲೊರ್ಕನ್ ನಕ್ಕ. ಮೇಜಿನ ಕೆಳಗೆ ನನ್ನ ಕೈ ಹಿಡಿದಿದ್ದ ಅವನ ಕೈ ನಗಲಿಲ್ಲ.

ಊಟ ಆದ ಮೇಲೆ ಹಿತ್ತಲಲ್ಲಿ ಕಿಲಿಯನ್, ಲೊರ್ಕನ್ ಚೆಂಡಿಗೆ ಬಿದ್ದರು. ಲೊರ್ಕನ್ ಎಡಕ್ಕೆ ಹೋಗುವ ಹಾಗೆ ಭುಜ ಬಗ್ಗಿಸಿ ಬಲಕ್ಕೆ ಹಾರಿದ. ಆ ಒಂದು ಆಟಕ್ಕೇ ನಾನು ಅವನಿಗೆ ಬಿದ್ದದ್ದು. ಕಿಲಿಯನ್ ಮೊದಲೇ ಬಲಕ್ಕೆ ಬಂದು ನಿಂತಿದ್ದ. ಪ್ರತಿಸಲವೂ. ದೇಶಕ್ಕೆಲ್ಲ ಆ ಮೋಸ ನಡೆಯುತ್ತೆ, ನಮ್ಮಣ್ಣನೊಬ್ಬನಿಗೆ ನಡೆಯಲ್ಲ. ನಾಲ್ಕು ವರ್ಷ ಇದೇ ಹಿತ್ತಲಲ್ಲಿ ನೋಡಿದ್ದಾನೆ.

ಅಡುಗೆಮನೆ ಕಿಟಕಿಯಲ್ಲಿ ಅಜ್ಜಿಯ ಹಿತ್ತಾಳೆ ತಟ್ಟೆ. ಅಮ್ಮ ಹೋದ ಮೇಲೆ ನನ್ನ ಸಾಕಿದ್ದು ಅಟ್ರಾಕ್ಟಾ ಅಜ್ಜಿಯೇ. ಮ್ಯಾಚಿನ ದಿನ ಬೆಳಗ್ಗೆ, ಈ ಮನೆಯ ಎಷ್ಟು ಮಂದಿ ಮೊದಲ ಹದಿನೈದರಲ್ಲಿ ಇಳಿಯುತ್ತಾರೋ ಅಷ್ಟು ಮೇಣದಬತ್ತಿ ಹಚ್ಚುತ್ತಾರೆ. ಫೆಬ್ರವರಿಯಲ್ಲಿ ಚರ್ಚಿನಲ್ಲಿ ಹರಸಿ ಕೊಟ್ಟ ಬತ್ತಿ. ರೇಡಿಯೋ ಕೇಳ್ತಾ ಕೂರೋದು, ಯಾರನ್ನಾದರೂ ನಡುವೆ ಹೊರಗೆ ಕರೆಸಿಕೊಂಡರೆ ಅವನ ಬತ್ತಿ ಆರಿಸೋದು. ಅಪ್ಪ ಆಡುವ ಕಾಲದಿಂದಲೂ ಹೀಗೇ.

ಲೊರ್ಕನ್ ತಮಾಷೆಗೆ, ಅಜ್ಜಿ, ನಾನೂ ಈ ಮನೆ ಅಳಿಯ ಅಲ್ವಾ, ನನಗೊಂದಿಲ್ವಾ ಅಂದ.

"ಇಳಿ, ಹಚ್ತೀನಿ," ಅಂದರು ಅಜ್ಜಿ. "ಬೆಂಚಿಗೆ ಮೇಣ ಸುಡಲ್ಲ ನಾನು."

ಏಪ್ರಿಲ್ 24, ಗುರುವಾರ, ಸಂಜೆ 6

ಬಾಗಿಲು ಹಾಕಿಕೊಂಡು ಬರೀತಿದೀನಿ.

ಲೊರ್ಕನ್ ಇಳಿತಾನೆ. ಮೊದಲ ಹದಿನೈದರಲ್ಲಿ!! ನಾಳೆ ಪ್ರಕಟವಾಗುವ ಪಟ್ಟಿಯಲ್ಲಿ ಅವನದು 24ನೇ ನಂಬರು, ಬೆಂಚು. ಆ ಪಟ್ಟಿ ಸುಳ್ಳು. ಎಲ್ಲ ಕೌಂಟಿಯವರೂ ಮಾಡೋದೇ, ಪೇಪರಿಗೊಂದು ಟೀಮ್, ಮೈದಾನಕ್ಕೊಂದು. ಅವನು ಬೆಂಚಿನಲ್ಲಿದ್ದಾನೆ ಅಂದುಕೊಂಡರೆ ರಾಸ್ಕಾಮನ್‌ನವರು ಕಿಲಿಯನ್‌ನನ್ನ ಇವನನ್ನ ತಡೆಯೋಕೆ ಹಿಂದೆ ನಿಲ್ಲಿಸದೆ ಮುಂದೆ ಓಡೋಕೆ ಬಿಡ್ತಾರೆ. ಆಗ ಇವನು ಗೋಲಿನ ಮುಂದೆ, ಇವನ ಆಟ ಗೊತ್ತಿಲ್ಲದ ಇನ್ಯಾರದೋ ಎದುರು. ಅವರಿಗೆ ಗೊತ್ತಾಗುವಷ್ಟರಲ್ಲಿ ಎರಡು ಗೋಲು, ಅಂದರೆ ಆರು ಪಾಯಿಂಟು, ಬಿದ್ದಿರಬೇಕು.

ಇದನ್ನೆಲ್ಲ ಪಾತ್ರೆ ತೊಳೀತಾ ಹೇಳಿದ. ಹೇಳಬಾರದಿತ್ತಂತೆ. ಹೆಂಡತಿಗೂ ಹೇಳಬೇಡಿ ಅಂತ ಮ್ಯಾನೇಜರ್ ಆಣೆ ಹಾಕಿಸಿದ್ದಾರೆ. ಅದರಲ್ಲೂ ನಿನ್ನ ಹೆಂಡತಿಗೆ ಅನ್ನೋ ಹಾಗೆ ಎಲ್ಲರೂ ಇವನ ಕಡೆ ನೋಡಿದರಂತೆ.

"ನಿಮ್ಮಪ್ಪನಿಗೆ ಬೇಡ. ಕಿಲಿಯನ್‌ಗೆ ಬೇಡ. ಬ್ರೋನಾ, ನನ್ನ ನೋಡು. ಇದು ಹೋದ್ರೆ ನನಗೆ ಇನ್ನೊಂದು ಸಲ ಸಿಗಲ್ಲ."

ಸೋಪಿನ ಕೈಯಲ್ಲೇ ಮಾತು ಕೊಟ್ಟೆ. ಸಾಯ್ತೀನಿ ಆದರೆ ಹೇಳಲ್ಲ. ಭಾನುವಾರದ ತನಕ ಅಪ್ಪನ ಫೋನ್ ಎತ್ತೋದೇ ಇಲ್ಲ.

ಏಪ್ರಿಲ್ 26, ಶನಿವಾರ, ಮಧ್ಯಾಹ್ನ

ಪಟ್ಟಿ ಬಂತು. 24, ಲೊರ್ಕನ್. ಅತ್ತೆ ಪೇಪರು ಮಡಚಿಟ್ಟು, ಮಗನಿಗಿಂತ ಅವನ ಜಾಗಕ್ಕೆ ಹಾಕಿರೋ ಹುಡುಗ ಯಾವುದರಲ್ಲಿ ಮೇಲು ಅಂತ ಬೇಜಾರು ಮಾಡಿಕೊಂಡರು. ನನಗೆ ಅಪ್ಪಿಕೊಂಡು ಹೇಳಿಬಿಡಬೇಕು ಅನ್ನಿಸಿತು. ಹೇಳಲಿಲ್ಲ. ನಾಲಿಗೆ ಕಚ್ಚಿಕೊಂಡು ಕೋಳಿಗೆ ಕಾಳು ಹಾಕಿದೆ. ಹೆಮ್ಮೆ ನನ್ನ ಬಗ್ಗೆ.

ಅಪ್ಪ ಎರಡು ಸಲ ಫೋನ್ ಮಾಡಿದರು. ಎತ್ತಲಿಲ್ಲ. ಕಿಲಿಯನ್ ಒಂದು ಕುರಿಯ ಚಿತ್ರ ಕಳಿಸಿದ, ಹಳದಿ-ನೀಲಿ ಸ್ಕಾರ್ಫ್ ಹಾಕಿದ್ದು. ಉತ್ತರ ಕೊಡಲಿಲ್ಲ.

ಆದರೆ ಒಂದು ವಿಷಯ ಬೆಳಗ್ಗಿನಿಂದ ಕೊರೀತಿತ್ತು. ಅವನ ಆಪರೇಷನ್ ಆದ ಮೇಲಿನ ಮೊದಲ ಆಟ, ನಮ್ಮ ಮದುವೆಯಾದ ಮೇಲಿನ ಮೊದಲ ಆಟ. ಆ ಕಿಟಕಿಯಲ್ಲಿ ಅವನಿಗೊಂದು ಬತ್ತಿ ಇಲ್ಲದೆ ಇಳಿಯೋದಾ? ಹನ್ನೊಂದಕ್ಕೆ ಅಪ್ಪ, ಕಿಲಿಯನ್ ಟೀಮ್ ಮೀಟಿಂಗಿಗೆ ಹೋಗಿರ್ತಾರೆ ಅಂತ ಗೊತ್ತಿತ್ತು. ಸೇತುವೆ ದಾಟಿ ಹೋದೆ. ಅಜ್ಜಿ ಒಬ್ಬರೇ, ಬ್ರೆಡ್ಡಿನ ಹಿಟ್ಟು ನಾದ್ತಿದ್ದರು. ಕಿವಿಯಲ್ಲಿ ಹೇಳಿದೆ — ಅಜ್ಜಿ, ನಾಳೆ ಎರಡು ಹಚ್ಚಿ.

ಹಿಟ್ಟಿನ ಕೈಯಲ್ಲೇ ಕೆನ್ನೆ ಹಿಡಿದುಕೊಂಡರು. ಯಾರಿಗೂ ಬಾಯಿಬಿಡಲ್ಲ ಕೂಸೇ ಅಂದರು. ಅಜ್ಜಿ ಮಾತು ಕೊಟ್ಟರೆ ಕಲ್ಲು.

ಅಪ್ಪನಿಗೂ ಹೇಳಿಲ್ಲ, ಅಣ್ಣನಿಗೂ ಹೇಳಿಲ್ಲ. ಕೊಟ್ಟ ಮಾತು ಹಾಗೇ ಇದೆ.

ಏಪ್ರಿಲ್ 27, ಭಾನುವಾರ, ಬೆಳಗ್ಗೆ 9.20

ಲೊರ್ಕನ್ ಹೊರಟ. ಗೇಟಿನ ತನಕ ಹೋಗಿ ವಾಪಸ್ ಬಂದು ಇನ್ನೊಂದು ಸಲ ಮುತ್ತು. ಒಳಜೇಬಿನಲ್ಲಿ ಚೀಟಿ. ಮೇಯೋದ ಕೆಂಪು-ಹಸಿರು ಸ್ಕಾರ್ಫ್ ಹಾಕಲಾ, ಹಳದಿ-ನೀಲಿ ಹಾಕಲಾ? ಎರಡೂ ಬೇಡ, ಬಿಳಿ ಕೋಟು. ಆಮೇಲೆ ಬಿಳಿ ಕೋಟು ಬಿಚ್ಚಿಟ್ಟೆ, ಔಷಧಿ ಅಂಗಡಿಯವಳ ಹಾಗೆ ಕಾಣ್ತೀನಿ.

ಅಜ್ಜಿ ಫೋನ್ ಮಾಡಿದರು. ದನಿ ತಗ್ಗಿಸಿ, "ಎರಡೂ ಹಚ್ಚಿದೀನಿ ಕೂಸೇ. ಚೆನ್ನಾಗಿ ಉರೀತಿವೆ. ನಿಮ್ಮಪ್ಪ ಇಲ್ಲೇ ಟೀ ಕುಡೀತಾ ಕೂತಿದಾನೆ, ನಾನು ಒಂದು ಮಾತೂ ಆಡಿಲ್ಲ."

ಎಂಥ ಅಜ್ಜಿ ನಮ್ಮಜ್ಜಿ. ಅಳು ಬಂತು ಖುಷಿಗೆ. ಇನ್ನು ಐದು ಗಂಟೆ —

ಏಪ್ರಿಲ್ 30, ಬುಧವಾರ

ಬರೆಯೋಕೆ ಮನಸ್ಸಿರಲಿಲ್ಲ.

ಒಂದು ಪಾಯಿಂಟಿನಲ್ಲಿ ಸೋತರು. ನಮ್ಮವರು. ಅಂದರೆ ಮೇಯೋ.

24ನೇ ನಂಬರಿನ ಜೆರ್ಸಿ ಹಾಕಿಕೊಂಡು ಲೊರ್ಕನ್ ಗೋಲಿನ ಕಡೆ ಓಡಿದಾಗ ಮೇಯೋದವರೆಲ್ಲ ಎದ್ದು ನಿಂತು ಕೂಗಿದರು. ಅತ್ತೆ ನನ್ನ ತೋಳು ಹಿಡಿದರು, ಮೊದಲ ಸಲ. ಆಮೇಲೆ ನೋಡ್ತೀನಿ, ಅಲ್ಲಿ ಆಗಲೇ ಕಿಲಿಯನ್. ಕೈಕಟ್ಟಿಕೊಂಡು, ಬಸ್ ಸ್ಟಾಪಿನಲ್ಲಿ ಕಾಯುವವನ ಹಾಗೆ. ಅವನು ನಿಲ್ಲಬೇಕಾದ ಜಾಗವೇ ಅಲ್ಲ ಅದು. ಲೊರ್ಕನ್ ಆಮೇಲೆ ಹೇಳಿದ, ಕಿಲಿಯನ್ ಹೇಳಿದ್ದು ಒಂದೇ ಮಾತು: "ಬಾ ಭಾವ, ನಿನಗೇ ಕಾಯ್ತಿದ್ದೆ."

ಎಡಕ್ಕೆ ಬಗ್ಗಿದ, ಬಲಕ್ಕೆ ಹಾರಿದ. ಅಣ್ಣ ಬಲದಲ್ಲಿ. ಮತ್ತೆ. ಮತ್ತೆ. ಅರ್ಧ ಆಟಕ್ಕೆ ಹೊರಗೆ ಕರೆಸಿಕೊಂಡರು. ಒಂದು ಪಾಯಿಂಟೂ ಇಲ್ಲ.

ನಿನ್ನೆ ಮೀಟಿಂಗ್. ಯಾರೋ ಬಾಯಿಬಿಟ್ಟಿದ್ದಾರೆ ಅಂತ ಮ್ಯಾನೇಜರ್ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದರಂತೆ. ಲೊರ್ಕನ್ ಎಲ್ಲರೆದುರು, ಹೆಂಡತಿಗೂ ಹೇಳಿಲ್ಲ ಅಂದನಂತೆ. ನನಗೋಸ್ಕರ ಸುಳ್ಳು. ಎರಡನೇ ಗೋಲ್‌ಕೀಪರ್ ಟೀರ್ನನ್ ಇದ್ದಾನಲ್ಲ, ಅವನ ಹುಡುಗಿ ರಾಸ್ಕಾಮನ್‌ನವಳು. ಅನುಮಾನ ಅವನ ಮೇಲೆ ಬಂತು. ಅವನು ಅತ್ತನಂತೆ. ಟೀಮಿನಿಂದ ತೆಗೆದುಹಾಕಿದ್ದಾರೆ.

"ನೀನು ಹೇಳಿಲ್ಲ ಅಲ್ವಾ," ಅಂದ ಲೊರ್ಕನ್. ಪ್ರಶ್ನೆಯ ಹಾಗೆ ಕೇಳಲೂ ಇಲ್ಲ. ಅಪ್ಪನಿಗಾಗಲಿ ಅಣ್ಣನಿಗಾಗಲಿ ಒಂದಕ್ಷರ ಹೇಳಿಲ್ಲ ಅಂದೆ. ನಿಜ ಅದು. ನನ್ನ ತಲೆ ಸವರಿ, ಗೊತ್ತು ಅಂದ.

ನಿಜ ಅದು. ಮತ್ತೆ ಯಾಕೆ ಎರಡು ಸಲ ಬರೆದೆ?

ಮೇ 3, ಶನಿವಾರ

ತವರಿಗೆ ಹೋದೆ. ಕಿಟಕಿಯ ತಟ್ಟೆ ತೊಳೆದಿಟ್ಟಿತ್ತು. ನೋಡಿದ ಕೂಡಲೇ ಗೊತ್ತಾಯಿತು. ಆರು ದಿನ ಗೊತ್ತಾಗದೇ ಇದ್ದದ್ದು ಹೇಗೆ, ಅದು ಗೊತ್ತಾಗಲಿಲ್ಲ.

ಅಪ್ಪ ಮೇಜಿನ ಹತ್ತಿರ ಪೇಪರು ಓದ್ತಿದ್ದರು. ಬತ್ತಿ ನೋಡಿದ್ರಾ ಅಂತ ಕೇಳಿದೆ.

"ನಾನು ನಿನ್ನ ಏನಾದ್ರೂ ಕೇಳಿದ್ನಾ ಮಗಳೇ?" ಅಂದರು. "ಫೋನ್ ಮಾಡಿದೆ, ನೀನು ಎತ್ತಲಿಲ್ಲ, ಬಿಟ್ಟೆ. ನಿಮ್ಮಜ್ಜಿ ಹತ್ರಾನೂ ಏನೂ ಕೇಳಲಿಲ್ಲ. ನಮ್ಮನೇಲಿ ಕೂತು ಟೀ ಕುಡೀತಿದ್ದೆ. ಎರಡರ ತನಕ ಎಣಿಸೋಕೆ ಬರುತ್ತೆ ನನಗೆ."

ಹಾಗಾದರೆ ನೋಡಿಲ್ಲದ ಹಾಗೆ ಇರಬಹುದಿತ್ತಲ್ಲ ಅಂದೆ. ಹದಿನಾಲ್ಕು ವರ್ಷದಿಂದ ಇವರನ್ನ ಸೋಲಿಸೋಕೆ ಒದ್ದಾಡ್ತಿದೀನಿ, ಕಣ್ಣು ಮುಚ್ಚಿಕೊಳ್ಳಲಾ ಅಂದರು. ಆಮೇಲೆ ಪೇಪರು ಮಡಚಿದರು. ಅವನಿಗೆ ಬೇರೆ ಆಟ ಏನಾದರೂ ಕಲಿಸೋಕೆ ಹೇಳು ಅವರ ಮ್ಯಾನೇಜರಿಗೆ ಅಂತ ಗೊಣಗಿ ಹಿತ್ತಲಿಗೆ ಹೋದರು. ಗೆದ್ದವರ ಮುಖ ಇರಲಿಲ್ಲ ಅದು.

ಅಜ್ಜಿ ಒಲೆ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡರು. ಅವರಿಗೂ ಈಗಷ್ಟೇ ಗೊತ್ತಾಗಿದ್ದು. ಡ್ರಾಯರ್‌ನಿಂದ ಅರ್ಧ ಉರಿದ ಬತ್ತಿ ತೆಗೆದು ನನ್ನ ಕೈಗಿಟ್ಟರು. ಹೊರಗೆ ಕರೆಸಿಕೊಂಡಾಗ ಆರಿಸಿದ್ದು. ಇದು ನಿನ್ನ ಗಂಡನದು, ಮಿಕ್ಕಿದ್ದು ನಿನ್ನ ಮನೆಯಲ್ಲಿ ಉರಿಸು ಅಂದರು.

ಸೋತರೂ ಮೇಯೋಗೆ ದೇಶದ ಕಪ್ಪಿನ ಆಟ ಇನ್ನೂ ಉಳಿದಿದೆ, ಇನ್ನೆರಡು ವಾರಕ್ಕೆ. ಹೇಳಿದರೆ ಲೊರ್ಕನ್ ಸುಳ್ಳುಗಾರ ಆಗ್ತಾನೆ, ಟೀಮೂ ಹೋಗಬಹುದು. ಹೇಳದಿದ್ದರೆ ಟೀರ್ನನ್ ಕಳ್ಳ ಆಗಿಯೇ ಉಳೀತಾನೆ. ಹೇಳದಿದ್ದರೆ ಲೊರ್ಕನ್ ನನ್ನ ತಲೆ ಸವರ್ತಾನೇ ಇರ್ತಾನೆ.

ಮೇ 6, ಮಂಗಳವಾರ, ಸಂಜೆ 5.35

ಟೀರ್ನನ್‌ನ ತಾಯಿ ಇವತ್ತು ಅಂಗಡಿಗೆ ಬಂದಿದ್ದರು. ನಿದ್ದೆ ಬರೋದಕ್ಕೆ ಏನಾದರೂ ಇದೆಯಾ ಅಂತ ಕೇಳಿದರು. ಮಗನಿಗೆ. ಕೊಟ್ಟೆ. ಚಿಲ್ಲರೆ ಕೊಡುವಾಗ ನಗು ಬರಲಿಲ್ಲ.

ಮನೆಗೆ ಬಂದು ಅರ್ಧ ಬತ್ತಿಯನ್ನ ನಮ್ಮ ಕಿಟಕಿಯಲ್ಲಿಟ್ಟು ಹಚ್ಚಿದೆ. ಅಜ್ಜಿಯ ಲೆಕ್ಕ ಲೊರ್ಕನ್‌ಗೆ ಗೊತ್ತು. ಒಂದು ಸಲ ನೋಡಿದರೆ ಸಾಕು, ಎಲ್ಲ ಅರ್ಥ ಆಗುತ್ತೆ, ನಾನು ಬಾಯಿ ತೆಗೆಯಬೇಕಾಗಿಯೇ ಇಲ್ಲ ಅಂದುಕೊಂಡೆ.

ಹತ್ತು ನಿಮಿಷ ನೋಡ್ತಾ ಕೂತೆ. ಆರಿಸಿದೆ. ಒಂದು ಸಲ ಬತ್ತಿ ನನ್ನ ಬದಲು ಮಾತಾಡಿದ್ದು ಸಾಕು.

ವ್ಯಾನ್ ಬಂತು. ಗೇಟು. ಹಿತ್ತಲ ಬಾಗಿಲಲ್ಲಿ ಬೂಟು ಕಳಚ್ತಿದ್ದಾನೆ, ಮೊದಲು ಎಡಗಾಲು, ಮಂಡಿ ನೋವಾಗದ ಹಾಗೆ. ಮೊದಲು ಟೀರ್ನನ್ ಹೆಸರು. ಆಮೇಲೆ ಅಜ್ಜಿ. ಇಲ್ಲ, ಮೊದಲು ನಾನು.

"ಏನೋ ಮೇಣದ ವಾಸನೆ ಬ್ರೋನಾ," ಅಂತಿದ್ದಾನೆ ಅಲ್ಲಿಂದಲೇ.

ಬರ್ತಿದ್ದಾನೆ. ಲೊರ್ಕನ್, ಕೂತ್ಕೋ, ನಾನು ಹೇಳಿದ್ದು ಅಪ್ಪನಿಗಲ್ಲ, ಅಣ್ಣನಿಗಲ್ಲ, ಆದರೆ